ಹಸಿ ತೂಕ, ಒಣ ತೂಕ: ಸ್ಟೆರಾಯ್ಡ್ ಬಿಟ್ಟ ಮೇಲೆ ಉಳಿಯುವುದೆಷ್ಟು?

ಶಿವಮೊಗ್ಗದಲ್ಲಿ ನಾನು ಹೋಗುವ ಜಿಮ್ಮಿನ ಮೂಲೆಯಲ್ಲೊಂದು ತೂಕದ ಯಂತ್ರವಿದೆ. ಆಷಾಢದ ಮಳೆ ಬಿಡದೆ ಹಿಡಿದಿದ್ದ ಒಂದು ಸಂಜೆ, ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅದರ ಮೇಲೆ ಹತ್ತಿದ, ಇಳಿದ, ಬೂಟು ಬಿಚ್ಚಿ ಮತ್ತೆ ಹತ್ತಿದ. ಬೂಟು ಬಿಚ್ಚಿದರೆ ತೂಕ ಇನ್ನೂ ಇಳಿಯುತ್ತದೆಯೇ ಹೊರತು ಏರುವುದಿಲ್ಲ ಎಂಬುದು ಆ ಗಾಬರಿಯಲ್ಲಿ ಅವನಿಗೆ ಹೊಳೆದಂತಿರಲಿಲ್ಲ. ಯಂತ್ರ 72 ತೋರಿಸಿತು. ಯುಗಾದಿ ಹೊತ್ತಿಗೆ ಇದೇ ಯಂತ್ರದ ಮೇಲೆ ಅವನು 79 ಇದ್ದ. ಅದಕ್ಕೂ ಮೊದಲು, ಹನ್ನೆರಡು ವಾರದ ಸ್ಟೆರಾಯ್ಡ್ ‘ಕೋರ್ಸ್’ ಶುರು ಮಾಡಿದ ದಿನ, 68.

“ಏಳು ಕೆಜಿ ಎಲ್ಲಿ ಹೋಯ್ತು ಅಣ್ಣಾ?” ಅಂದ. ಕೇಳಿದ್ದು ನನ್ನನ್ನಾದರೂ ಉತ್ತರ ಬಂದದ್ದು ಪಕ್ಕದಲ್ಲಿ ಡಂಬಲ್ ಎತ್ತುತ್ತಿದ್ದ ಸೀನಿಯರ್ ಕಡೆಯಿಂದ. “ಇನ್ನೊಂದು ಕೋರ್ಸ್ ಹೊಡಿ ಮಾರಾಯ. ಎರಡನೇ ಸಲಕ್ಕೆ ನಿಲ್ಲುತ್ತೆ.”

ಈ ವ್ಯಾಪಾರ ನಡೆಯುತ್ತಿರುವುದೇ ಆ ಒಂದು ಮಾತಿನ ಮೇಲೆ. ಅದು ಪೂರ್ತಿ ಸುಳ್ಳಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಅದರಲ್ಲಿ ಒಂದೆಳೆ ನಿಜವೂ ಇದೆ. ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಕಂಡ, ಈಗಲೂ ಚರ್ಚೆಯಲ್ಲಿರುವ ಆ ನಿಜಕ್ಕೆ ಬರುವ ಮೊದಲು ಹುಡುಗನ ಏಳು ಕೆಜಿಯ ಲೆಕ್ಕ ಒಪ್ಪಿಸಿಬಿಡೋಣ.

ಅದಕ್ಕೂ ಮೊದಲು ಹೆಸರಿನ ಗೊಂದಲ. ಮಲೆನಾಡಿನಲ್ಲಿ ಸ್ಟೆರಾಯ್ಡ್ ಅಂದರೆ ಹೆಚ್ಚಿನ ಮನೆಗಳಲ್ಲಿ ನೆನಪಾಗುವುದು ಅಜ್ಜನ ಉಬ್ಬಸದ ಮಾತ್ರೆ. ಅದು ಪ್ರೆಡ್ನಿಸೊಲೋನ್ ಜಾತಿಯದು, ಉರಿಯೂತ ತಗ್ಗಿಸುವ ಔಷಧ. ದೀರ್ಘಕಾಲ ತೆಗೆದುಕೊಂಡರೆ ತೊಡೆ, ಭುಜಗಳ ಸ್ನಾಯು ಸವೆಯುತ್ತದೆಯೇ ಹೊರತು ಬೆಳೆಯುವುದಿಲ್ಲ. ಜಿಮ್ಮಿನದು ಅನಾಬಾಲಿಕ್ ಸ್ಟೆರಾಯ್ಡ್, ಅಂದರೆ ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟಿರೋನ್ ಮತ್ತು ಅದನ್ನು ತಿದ್ದಿ ಮಾಡಿದ ನ್ಯಾಂಡ್ರೊಲೋನ್, ಸ್ಟಾನೊಜೊಲೋಲ್, ಮೆಥಾಂಡಿನೋನ್‌ನಂಥವು. ಜಿಮ್‌ಗಳಲ್ಲಿ ಮೆಫೆಂಟರ್ಮಿನ್ ಇಂಜೆಕ್ಷನ್ ಸಿಕ್ಕಿಬಿದ್ದಾಗ ಅದನ್ನೂ ಸ್ಟೆರಾಯ್ಡ್ ಎಂದೇ ಕರೆಯುವುದುಂಟು. ಅದು ಅರಿವಳಿಕೆಯ ಹೊತ್ತಿನಲ್ಲಿ ಕುಸಿದ ರಕ್ತದೊತ್ತಡ ಏರಿಸಲು ಆಸ್ಪತ್ರೆಯಲ್ಲಿ ಬಳಸುವ ಮದ್ದು. ಎದೆ ಬಡಿತ ಹೆಚ್ಚಿಸಿ ಒಂದು ಗಂಟೆಯ ಹುರುಪು ಕೊಡುತ್ತದೆ, ಸ್ನಾಯು ಕಟ್ಟುವುದಿಲ್ಲ. ಹಾಗಾಗಿ ಅದನ್ನು ಬಿಟ್ಟ ಮೇಲೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈಗ ತೂಕಕ್ಕೆ ಬರೋಣ. ಅಡಿಕೆ ಮನೆಯಲ್ಲಿ ಹುಟ್ಟಿದ ಯಾರಿಗೂ ಹಸಿ ತೂಕ, ಒಣ ತೂಕದ ಅಂತರ ಹೇಳಿಕೊಡಬೇಕಿಲ್ಲ. ಮರದಿಂದ ಇಳಿಸಿದ ಅಡಿಕೆ ಗೊನೆಯ ತೂಕ ನೋಡಿ ಮಂಡಿಯಲ್ಲಿ ಯಾರೂ ದುಡ್ಡು ಎಣಿಸುವುದಿಲ್ಲ. ಸುಲಿದು, ಬೇಯಿಸಿ, ಅಂಗಳದಲ್ಲಿ ಒಣಗಿಸಿದ ಮೇಲೆ ಕಾಲು ಭಾಗವೂ ಉಳಿಯುವುದಿಲ್ಲ. ತೀರ್ಥಹಳ್ಳಿಯ ಹುಡುಗನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ತನ್ನ ಮೈಯ 79 ಕೆಜಿಯನ್ನು ಅವನು ಒಣ ತೂಕ ಅಂದುಕೊಂಡಿದ್ದ.

ಸ್ಟೆರಾಯ್ಡ್ ಕೆಲಸ ಮಾಡುತ್ತದೆಯೇ ಎಂಬುದರಲ್ಲಿ ಅನುಮಾನ ಉಳಿದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಶಲೇಂದರ್ ಭಸೀನ್ ಮತ್ತು ಸಂಗಡಿಗರು 43 ಗಂಡಸರನ್ನು ನಾಲ್ಕು ಗುಂಪು ಮಾಡಿ, ಎರಡು ಗುಂಪಿಗೆ ಹತ್ತು ವಾರ ಕಾಲ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಚುಚ್ಚಿದರು. ಗಂಡಸಿನ ದೇಹ ತಾನಾಗಿ ತಯಾರಿಸುವುದು ದಿನಕ್ಕೆ ಸುಮಾರು 3ರಿಂದ 10 ಮಿಲಿಗ್ರಾಂ. ಹಾರ್ಮೋನಿನ ಕೊರತೆ ಇರುವವರಿಗೆ ವೈದ್ಯರು ಕೊಡುವ ಡೋಸಿನ ಆರು ಪಟ್ಟು ಈ 600. ಇಂಜೆಕ್ಷನ್ ಜೊತೆ ವ್ಯಾಯಾಮವನ್ನೂ ಮಾಡಿದವರ ಕೊಬ್ಬುರಹಿತ ತೂಕ ಸರಾಸರಿ 6 ಕೆಜಿ ಏರಿತು. ವ್ಯಾಯಾಮ ಮಾತ್ರ ಮಾಡಿದವರದು 2 ಕೆಜಿ. ಹೊಟ್ಟೆಕಿಚ್ಚಾಗುವ ಸಂಗತಿ ಇನ್ನೊಂದಿದೆ: ಏನೂ ವ್ಯಾಯಾಮ ಮಾಡದೆ ಬರೀ ಇಂಜೆಕ್ಷನ್ ತೆಗೆದುಕೊಂಡವರೂ 3 ಕೆಜಿಗೂ ಮೇಲೆ ಗಳಿಸಿದರು. ಹತ್ತು ವಾರ ಬೆವರು ಸುರಿಸಿದವನನ್ನು ಕುರ್ಚಿಯಲ್ಲಿ ಕೂತವನು ಹಿಂದೆ ಹಾಕಿದ್ದ.

ಆದರೆ ‘ಕೊಬ್ಬುರಹಿತ ತೂಕ’ ಎಂಬ ಮಾತನ್ನು ನಿಧಾನವಾಗಿ ಓದಬೇಕು. ಕೊಬ್ಬಲ್ಲದ್ದೆಲ್ಲ ಅದರಲ್ಲಿ ಸೇರುತ್ತದೆ, ನೀರೂ ಸೇರಿ. ಟೆಸ್ಟೋಸ್ಟಿರೋನ್ ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಅದರ ಒಂದು ಪಾಲು ಹೆಂಗಸರ ಹಾರ್ಮೋನಾದ ಈಸ್ಟ್ರೋಜನ್ ಆಗಿ ಬದಲಾಗಿ ನೀರು ಇನ್ನಷ್ಟು ನಿಲ್ಲುತ್ತದೆ. ಸ್ನಾಯುವಿನೊಳಗೆ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಹೆಚ್ಚು ಶೇಖರವಾದರೆ ಅದೂ ತನ್ನ ಜೊತೆ ನೀರನ್ನು ಎಳೆದುಕೊಂಡು ಬರುತ್ತದೆ. ಕೋರ್ಸಿನ ಎರಡನೇ ವಾರಕ್ಕೇ ಕೆನ್ನೆ ಊದಿ, ತೋಳು ಬಿಗಿದು, ‘ಪಂಪ್ ಬಂತು’ ಎಂದು ಕನ್ನಡಿ ಮುಂದೆ ಫೋಟೋ ಹೊಡೆದುಕೊಳ್ಳುವುದರಲ್ಲಿ ಈ ನೀರಿನ ಪಾಲು ದೊಡ್ಡದು. ಎರಡು ವಾರದಲ್ಲಿ ನಾಲ್ಕು ಕೆಜಿ ಸ್ನಾಯು ಯಾವ ಮದ್ದಿನಿಂದಲೂ ಬೆಳೆಯುವುದಿಲ್ಲ.

ಮದ್ದು ನಿಲ್ಲಿಸಿದಾಗ ಮೊದಲು ಹೋಗುವುದು ಈ ನೀರೇ. ಟೆಸ್ಟೋಸ್ಟಿರೋನ್ ಎನಾಂಥೇಟ್‌ನಂಥ ಎಣ್ಣೆ ಇಂಜೆಕ್ಷನ್ನಿನ ಪ್ರಭಾವ ಮೂರ್ನಾಲ್ಕು ವಾರದಲ್ಲಿ ರಕ್ತದಿಂದ ಕರಗುತ್ತದೆ, ಅದರ ಬೆನ್ನಿಗೇ ತೂಕ ಇಳಿಯುತ್ತದೆ. ನಮ್ಮ ಹುಡುಗ ಕಳೆದುಕೊಂಡ ಏಳು ಕೆಜಿಯಲ್ಲಿ ಬಹುಶಃ ಅರ್ಧದಷ್ಟು ಸ್ನಾಯುವೇ ಆಗಿರಲಿಲ್ಲ. ಅದನ್ನು ಕಳೆದುಕೊಂಡ ದುಃಖಕ್ಕೆ ಅರ್ಥವಿಲ್ಲ, ಆದರೆ ಅದನ್ನು ಅವನಿಗೆ ಸ್ನಾಯು ಎಂದು ಮಾರಿದವರ ಮೇಲೆ ಸಿಟ್ಟು ಬಂದರೆ ತಪ್ಪಿಲ್ಲ.

ಉಳಿದರ್ಧ ನಿಜವಾದ ಮಾಂಸ. ಅದು ಯಾಕೆ ಹೋಯಿತು?

ಸ್ನಾಯು ಕಲ್ಲಿನಂತೆ ಒಮ್ಮೆ ಇಟ್ಟರೆ ಇರುವ ವಸ್ತುವಲ್ಲ. ದಿನವೂ ಒಂದಷ್ಟು ಪ್ರೋಟೀನ್ ಒಡೆಯುತ್ತದೆ, ಒಂದಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಎಷ್ಟು ದೊಡ್ಡ ಸ್ನಾಯುವನ್ನು ಈ ದೇಹ ಸಾಕಬಲ್ಲದು ಎಂಬುದನ್ನು ಊಟ, ಕಸರತ್ತು, ವಯಸ್ಸು, ವಂಶ, ಹಾರ್ಮೋನು ಎಲ್ಲ ಸೇರಿ ತೀರ್ಮಾನಿಸುತ್ತವೆ. ಹಾರ್ಮೋನನ್ನು ಆರು ಪಟ್ಟು ಏರಿಸಿದಾಗ ಆ ಮಿತಿಯೂ ಮೇಲೇರುತ್ತದೆ, ಇಳಿಸಿದಾಗ ಮಿತಿ ಇಳಿಯುತ್ತದೆ. ಹಳೆಯ ಮಿತಿಗೇ ಇಳಿದಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಅದು ಅದಕ್ಕಿಂತಲೂ ಕೆಳಕ್ಕೆ ಜಾರುತ್ತದೆ. ಕೋರ್ಸ್ ಹೊಡೆಯುವವರಿಗೆ ಮೊದಲೇ ಯಾರೂ ಬಿಡಿಸಿ ಹೇಳದ ಭಾಗ ಇದು.

ತೋಟದ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ನೆನೆಸಿಕೊಳ್ಳಿ. ತೊಟ್ಟಿ ತುಂಬಿದೆ ಎಂದು ಗೊತ್ತಾದರೆ ಅದು ಮೋಟಾರ್ ಓಡಿಸುವುದಿಲ್ಲ. ಮಿದುಳಿನ ಹೈಪೊಥಲಾಮಸ್, ಪಿಟ್ಯೂಟರಿ ಗ್ರಂಥಿಗಳು ರಕ್ತದಲ್ಲಿರುವ ಹಾರ್ಮೋನನ್ನು ಸದಾ ಅಳೆಯುತ್ತಿರುತ್ತವೆ. ಹೊರಗಿನಿಂದ ಧಾರಾಳವಾಗಿ ಬಂದರೆ ವೃಷಣಗಳಿಗೆ ಹೋಗುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಸಂದೇಶಗಳು ನಿಂತುಹೋಗುತ್ತವೆ. ವೃಷಣ ಕೆಲಸ ನಿಲ್ಲಿಸಿ ಸೊರಗುತ್ತದೆ. ಹೊರಗಿನ ಪೂರೈಕೆ ನಿಂತ ಮರುದಿನವೇ ಮೋಟಾರ್ ಓಡತೊಡಗುವುದಿಲ್ಲ. ವಾರಗಳು, ಹೆಚ್ಚಾಗಿ ತಿಂಗಳುಗಳು ಬೇಕು. ಆ ನಡುವಿನ ಅವಧಿಯಲ್ಲಿ ಇಪ್ಪತ್ತನಾಲ್ಕರ ಯುವಕನ ರಕ್ತದಲ್ಲಿ ಮುದುಕರಿಗಿಂತ ಕಡಿಮೆ ಟೆಸ್ಟೋಸ್ಟಿರೋನ್ ಇರಬಹುದು. ಕಟ್ಟುವ ಕೆಲಸ ನಿಧಾನವಾಗಿ, ಒಡೆಯುವುದು ಮುಂದಾಗುತ್ತದೆ. ಅದೇ ಭಾರ ಎತ್ತಲು ಹೋದರೆ ಕೈ ನಡುಗುತ್ತದೆ, ಮನಸ್ಸು ಮಂಕಾಗುತ್ತದೆ, ಹಾಸಿಗೆಯ ಆಸೆ ಸತ್ತುಹೋಗುತ್ತದೆ. ‘ಇಳಿದು ಹೋಯ್ತು’ ಎಂದು ಜಿಮ್ಮಿನವರು ಹೇಳುವುದು ಬರೀ ತೋಳಿನ ಸುತ್ತಳತೆಯನ್ನಲ್ಲ. ಎರಡನೇ ಕೋರ್ಸಿನ ಸಲಹೆ ಕಿವಿಗೆ ಬೀಳುವುದೂ ಸರಿಯಾಗಿ ಆ ಹೊತ್ತಿಗೇ. ಸೂಜಿ ಬಿದ್ದರೆ ಮನಸ್ಸು ಹಗುರಾಗುತ್ತದೆ ಎಂಬುದು ನಿಜವಾದ್ದರಿಂದ, ಬಿಡುವುದು ಇನ್ನೂ ಕಷ್ಟವಾಗುತ್ತದೆ.

‘ಪಿಸಿಟಿ ಮಾಡಿದರೆ ಎಲ್ಲ ಸರಿಹೋಗುತ್ತೆ’ ಎನ್ನುವವರಿದ್ದಾರೆ. ಕೋರ್ಸ್ ಮುಗಿದ ಮೇಲೆ ಕ್ಲೊಮಿಫೀನ್, ಟಮಾಕ್ಸಿಫೆನ್‌ನಂಥ ಮಾತ್ರೆ ನುಂಗುವ ಪದ್ಧತಿ ಅದು. ಒಂದು ಹೆಂಗಸರ ಬಂಜೆತನಕ್ಕೆ, ಇನ್ನೊಂದು ಸ್ತನ ಕ್ಯಾನ್ಸರಿಗೆ ಬಂದ ಔಷಧ. ವೈದ್ಯರು ಆಯ್ದ ರೋಗಿಗಳಲ್ಲಿ ಇವುಗಳಿಂದ ಪಿಟ್ಯೂಟರಿಯನ್ನು ಎಬ್ಬಿಸಿದ್ದುಂಟು. ಆದರೆ ವಾಟ್ಸಾಪಿನಲ್ಲಿ ಬಂದ ಚಾರ್ಟ್ ನೋಡಿಕೊಂಡು, ರಕ್ತ ಪರೀಕ್ಷೆಯೇ ಇಲ್ಲದೆ ಮಾಡುವ ಪಿಸಿಟಿಯನ್ನು ಚಿಕಿತ್ಸೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಆ ಸೀನಿಯರ್ ಮಾತಿನಲ್ಲಿರುವ ಒಂದೆಳೆ ನಿಜ. ಇದು ನಿಜಕ್ಕೂ ಸ್ವಾರಸ್ಯದ ಕಥೆ.

ಸ್ನಾಯುವಿನ ಒಂದೊಂದು ಎಳೆಯೂ ಒಂದು ಉದ್ದನೆಯ ಜೀವಕೋಶ. ಬೇರೆ ಹೆಚ್ಚಿನ ಜೀವಕೋಶಗಳಿಗೆ ಒಂದೇ ನ್ಯೂಕ್ಲಿಯಸ್ (ಕೋಶಕೇಂದ್ರ) ಇದ್ದರೆ ಇದಕ್ಕೆ ನೂರಾರು. ಉದ್ದಕ್ಕೆ ಹಬ್ಬಿದ ಅಡಿಕೆ ತೋಟದಲ್ಲಿ ಒಬ್ಬೊಬ್ಬ ಆಳು ಇಂತಿಷ್ಟು ಮರ ನೋಡಿಕೊಳ್ಳುವ ಹಾಗೆ, ಒಂದೊಂದು ನ್ಯೂಕ್ಲಿಯಸ್ ತನ್ನ ಸುತ್ತಲಿನ ತುಣುಕಿಗೆ ಬೇಕಾದ ಪ್ರೋಟೀನಿನ ಉಸ್ತುವಾರಿ ಹೊರುತ್ತದೆ. ತೋಟ ದೊಡ್ಡದಾಗಬೇಕಾದರೆ ಆಳು ಹೆಚ್ಚಬೇಕು. ಎಳೆಯ ಅಂಚಿನಲ್ಲಿ ಸುಮ್ಮನೆ ಮಲಗಿರುವ ಸ್ಯಾಟಲೈಟ್ ಕೋಶಗಳು ಎದ್ದು ಎಳೆಯೊಳಗೆ ಬೆರೆತು ಹೊಸ ನ್ಯೂಕ್ಲಿಯಸ್ ಕೊಡುತ್ತವೆ. ವ್ಯಾಯಾಮವೂ ಅವನ್ನು ಎಬ್ಬಿಸುತ್ತದೆ, ಟೆಸ್ಟೋಸ್ಟಿರೋನ್ ಇನ್ನೂ ಜೋರಾಗಿ ಎಬ್ಬಿಸುತ್ತದೆ.

ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ಗುಂಡರ್ಸನ್ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆಣ್ಣು ಇಲಿಗಳಿಗೆ ಎರಡು ವಾರ ಟೆಸ್ಟೋಸ್ಟಿರೋನ್ ಕೊಟ್ಟರು. ಸ್ನಾಯು ಎಳೆಗಳ ನ್ಯೂಕ್ಲಿಯಸ್ 66 ಶೇಕಡಾ ಹೆಚ್ಚಿತು, ದಪ್ಪವೂ ಏರಿತು. ಮದ್ದು ನಿಲ್ಲಿಸಿದ ಮೂರು ವಾರಕ್ಕೆ ದಪ್ಪ ಮೊದಲಿನಷ್ಟೇ ಆಯಿತು. ಇಲ್ಲಿಯವರೆಗೆ ನಮ್ಮ ಹುಡುಗನ ಕಥೆಯೇ. ಆದರೆ ನ್ಯೂಕ್ಲಿಯಸ್‌ಗಳು ಹೋಗಲಿಲ್ಲ. ಮೂರು ತಿಂಗಳು ಕಳೆದರೂ, ಅಂದರೆ ಇಲಿಯ ಆಯಸ್ಸಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಾಲ, ಅಲ್ಲೇ ಇದ್ದವು. ಆಮೇಲೆ ಆ ಸ್ನಾಯುವಿಗೆ ಹೆಚ್ಚಿನ ಭಾರ ಬೀಳುವಂತೆ ಮಾಡಿದಾಗ, ಹಿಂದೆ ಮದ್ದು ಪಡೆದಿದ್ದ ಇಲಿಗಳ ಎಳೆ ಆರೇ ದಿನದಲ್ಲಿ 31 ಶೇಕಡಾ ದಪ್ಪವಾಯಿತು. ಮದ್ದು ಕಾಣದ ಇಲಿಗಳಲ್ಲಿ ಹೇಳಿಕೊಳ್ಳುವಂಥ ಬೆಳವಣಿಗೆ ಇರಲಿಲ್ಲ. ಬಂದ ಆಳು ಬಿಟ್ಟುಹೋಗದ ತೋಟ ಇಡೀ ಮಲೆನಾಡಿನಲ್ಲಿ ಎಲ್ಲೂ ಇಲ್ಲ ಅಂದುಕೊಂಡಿದ್ದೆ, ಓಸ್ಲೊದ ಇಲಿಯ ಕಾಲಿನಲ್ಲಿದೆ!

ಮನುಷ್ಯರಲ್ಲಿ? ಸ್ಟೆರಾಯ್ಡ್ ಬಿಟ್ಟು ವರ್ಷಗಳಾದ ಗಂಡಸರ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದ ಡೆನ್ಮಾರ್ಕಿನ ಸಂಶೋಧಕರಿಗೆ, ಸ್ಟೆರಾಯ್ಡ್ ಮುಟ್ಟದೆ ಕಸರತ್ತು ಮಾಡಿದವರಿಗಿಂತ ಅವರಲ್ಲಿ ನ್ಯೂಕ್ಲಿಯಸ್ ದಟ್ಟವಾಗಿರುವುದು ಕಂಡಿದೆ. ಇದು ಗುಂಡರ್ಸನ್ ವಾದಕ್ಕೆ ಬಲ ಕೊಡುತ್ತದೆ. ಆದರೆ ವ್ಯಾಯಾಮದಿಂದ ಬಂದ ನ್ಯೂಕ್ಲಿಯಸ್ ವ್ಯಾಯಾಮ ಬಿಟ್ಟಾಗ ಕಳೆದುಹೋಗುವುದನ್ನು ಬೇರೆ ಪ್ರಯೋಗಾಲಯದವರು ಇಲಿಗಳಲ್ಲೇ ತೋರಿಸಿದ್ದಾರೆ. ನೆನಪು ಇರುವುದು ನ್ಯೂಕ್ಲಿಯಸ್ ಸಂಖ್ಯೆಯಲ್ಲಿ ಅಲ್ಲ, ಡಿಎನ್‌ಎ ಮೇಲೆ ಬಿದ್ದ ರಾಸಾಯನಿಕ ಗುರುತುಗಳಲ್ಲಿ ಎನ್ನುವ ಪಂಗಡವೂ ಇದೆ. ಓಸ್ಲೊದ ಇಲಿಗಳು ಹೆಣ್ಣು, ಅವುಗಳ ಸ್ವಂತ ಟೆಸ್ಟೋಸ್ಟಿರೋನ್ ತೀರಾ ಕಡಿಮೆ, ಮದ್ದು ನಿಂತಾಗ ಅವುಗಳ ವೃಷಣ ಬಂದ್ ಆಗುವ ಪ್ರಶ್ನೆಯೇ ಇರಲಿಲ್ಲ ಎಂಬುದನ್ನೂ ಜಿಮ್ಮಿನ ಪಂಡಿತರು ಗಮನಿಸಿದರೆ ಒಳ್ಳೆಯದು.

ಕ್ರೀಡಾಲೋಕದಲ್ಲಿ ಓಸ್ಲೊ ಪ್ರಯೋಗದ ಬಿಸಿ ಹೆಚ್ಚು ತಟ್ಟಿತು. ಆಗ ನಿಷೇಧಿತ ಮದ್ದು ತೆಗೆದುಕೊಂಡು ಮೊದಲ ಸಲ ಸಿಕ್ಕಿಬಿದ್ದವರಿಗೆ ಸಾಮಾನ್ಯವಾಗಿ ಎರಡು ವರ್ಷ ನಿಷೇಧ, 2015ರಿಂದ ಅದು ನಾಲ್ಕಾಯಿತು. ಆದರೆ ಲಾಭ ಅದಕ್ಕಿಂತ ದೀರ್ಘಕಾಲ ಉಳಿಯುವುದಾದರೆ? ಅಮೆರಿಕದ ಓಟಗಾರ ಜಸ್ಟಿನ್ ಗ್ಯಾಟ್ಲಿನ್ 2006ರಲ್ಲಿ ಟೆಸ್ಟೋಸ್ಟಿರೋನ್ ಪ್ರಕರಣದಲ್ಲಿ ಸಿಕ್ಕು, ನಾಲ್ಕು ವರ್ಷದ ನಿಷೇಧ ಮುಗಿಸಿ 2010ರಲ್ಲಿ ಮರಳಿದವರು. 2015ರಲ್ಲಿ, 33ನೇ ವಯಸ್ಸಿನಲ್ಲಿ, ದೋಹಾದಲ್ಲಿ 9.74 ಸೆಕೆಂಡಿಗೆ ನೂರು ಮೀಟರ್ ಓಡಿದರು. ಅದು ಅವರ ಜೀವಮಾನದ ಅತ್ಯುತ್ತಮ ಓಟ. ಹಳೆಯ ಮದ್ದಿನ ಬಾಕಿಯೇ ಅದು ಎಂದು ಸಾಧಿಸಲು ಯಾರಿಗೂ ಆಗಿಲ್ಲ, ಆದರೆ ಆ ಓಟದ ನಂತರ ಆ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತ್ತು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಪೈಕಿ ಅಷ್ಟು ದೊಡ್ಡ ಪ್ರಮಾಣ ಇನ್ನೆಲ್ಲೂ ಇರಲಿಲ್ಲ.

ಹಾಗಾದರೆ ಸೀನಿಯರ್ ಹೇಳಿದ್ದು ಸರಿಯೇ? ನನ್ನ ಓದಿನ ಪ್ರಕಾರ ಅಲ್ಲ. ಉಳಿದಿರಬಹುದಾದ್ದು ಆಳುಗಳು, ಫಸಲಲ್ಲ. ಮತ್ತೆ ಕಷ್ಟಪಟ್ಟರೆ ಬೇಗ ಬೆಳೆಯಬಹುದು ಎಂಬ ಸಾಧ್ಯತೆಗೂ, ತೂಕದ ಯಂತ್ರದ ಮೇಲೆ 79 ನಿಲ್ಲುತ್ತದೆ ಎಂಬ ಭರವಸೆಗೂ ಬಹಳ ದೂರ. ಎರಡನೇ ಕೋರ್ಸ್ ಮುಗಿದ ಮೇಲೂ ಅದೇ ಮಿತಿ, ಅದೇ ಇಳಿಕೆ. ಅದಕ್ಕೇ ದೊಡ್ಡ ಮೈಯನ್ನು ವರ್ಷಗಟ್ಟಲೆ ಹಾಗೇ ಇಟ್ಟುಕೊಂಡ ಬಳಕೆದಾರರು ಹೆಚ್ಚಾಗಿ ಮದ್ದು ನಿಲ್ಲಿಸಿಯೇ ಇರುವುದಿಲ್ಲ. ದೊಡ್ಡ ಡೋಸಿನ ನಡುವೆ ಸಣ್ಣ ಡೋಸ್ ಮುಂದುವರಿಸುತ್ತಾರೆ, ಅದಕ್ಕೆ ‘ಕ್ರೂಸ್’ ಎಂಬ ಹೆಸರು ಬೇರೆ.

ಮದ್ದು ಬಿಟ್ಟ ಮೇಲೂ ಉಳಿಯುವ ಬೇರೆ ಸಂಗತಿಗಳಿಗೆ ಮಾತ್ರ ಪುರಾವೆ ಇನ್ನೂ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಹಿಂದೊಮ್ಮೆ ಟೆಸ್ಟೋಸ್ಟಿರೋನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1990ರಲ್ಲಿ ಬಂದ ವರದಿಯಂತೆ ಏಳು ದೇಶಗಳ 271 ಗಂಡಸರು ವಾರಕ್ಕೆ 200 ಮಿಲಿಗ್ರಾಂ ತೆಗೆದುಕೊಂಡರು. 157 ಮಂದಿಯ ವೀರ್ಯದಲ್ಲಿ ವೀರ್ಯಾಣುವೇ ಇಲ್ಲವಾಯಿತು. ಜಿಮ್ಮಿನಲ್ಲಿ ‘ಬಿಗಿನರ್ ಡೋಸ್’ ಎಂದು ಕೊಡುವುದು ಇದಕ್ಕಿಂತ ಹೆಚ್ಚು. ಹೆಚ್ಚಿನವರಲ್ಲಿ ನಿಲ್ಲಿಸಿದ ಕೆಲವು ತಿಂಗಳಿಗೆ ಮರಳುತ್ತದೆ, ನಿಜ. ಆದರೆ ನಾಲ್ಕಾರು ಮದ್ದು ಬೆರೆಸಿ ವರ್ಷಾನುಗಟ್ಟಲೆ ಹೊಡೆದವರ ಲೆಕ್ಕ ಬೇರೆ. ಕೋಪನ್‌ಹೇಗನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟು ಸರಾಸರಿ ಎರಡೂವರೆ ವರ್ಷವಾದವರ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಯ ಟೆಸ್ಟೋಸ್ಟಿರೋನ್ ಸಾಮಾನ್ಯ ಮಟ್ಟಕ್ಕಿಂತ ಕೆಳಗೇ ಇತ್ತು. ತೋಟದ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವ ನಮ್ಮ ಕಡೆ, ಹೆಣ್ಣು ನೋಡಲು ಹೋಗುವ ಮುಂಚೆ ‘ಬಾಡಿ ಮಾಡ್ಕೊಬೇಕು’ ಎಂದು ಕೋರ್ಸ್ ಹೊಡೆದವರನ್ನು ಬಲ್ಲೆ. ಮದುವೆಯಾಗಿ ಎರಡು ವರ್ಷಕ್ಕೆ ಮನೆಯವರು ಡಾಕ್ಟರ ಹತ್ತಿರ ಕಳಿಸುವುದು ಹೆಂಡತಿಯನ್ನೇ ಮೊದಲು. ಆ ಹೊತ್ತಿಗೆ ಗಂಡ ಬಾಯಿ ಬಿಟ್ಟರೆ ಅವಳ ಅರ್ಧ ಪರೀಕ್ಷೆಗಳು ಉಳಿಯುತ್ತವೆ.

ಹೃದಯದ ಮಾತೂ ಇದೆ. 2017ರ ಒಂದು ಅಮೆರಿಕನ್ ಅಧ್ಯಯನ 86 ಬಳಕೆದಾರರನ್ನು, ಸ್ಟೆರಾಯ್ಡ್ ಮುಟ್ಟದ 54 ಭಾರ ಎತ್ತುವವರ ಜೊತೆ ಹೋಲಿಸಿತು. ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು ಮುಟ್ಟದವರಲ್ಲಿ 63 ಶೇಕಡಾ, ಆಗ ಮದ್ದಿನಲ್ಲಿದ್ದವರಲ್ಲಿ 49, ಬಿಟ್ಟವರಲ್ಲಿ 58. ಬಿಟ್ಟರೆ ಸುಧಾರಿಸುತ್ತದೆ ಎಂಬುದು ಸಮಾಧಾನ. ಆದರೆ ಹೃದಯದ ರಕ್ತನಾಳದಲ್ಲಿ ಕಟ್ಟಿದ ಕೊಬ್ಬು, ಜೀವಮಾನದಲ್ಲಿ ಒಟ್ಟು ಎಷ್ಟು ವರ್ಷ ಹೊಡೆದಿದ್ದರು ಎಂಬುದಕ್ಕೆ ತಕ್ಕಂತೆ ಹೆಚ್ಚುತ್ತಿತ್ತು. ಗಂಡಸರಿಗೆ ಬೆಳೆದ ಎದೆ, ಮದ್ದು ತೆಗೆದುಕೊಂಡ ಹೆಂಗಸರಿಗೆ ಒಡೆದ ದನಿ, ಹದಿನಾರರ ಹುಡುಗನಿಗೆ ಮುಂಚೆಯೇ ನಿಂತ ಎತ್ತರ, ಇವೂ ಸೂಜಿ ನಿಲ್ಲಿಸಿದರೆಂದು ಹಿಂದಕ್ಕೆ ಹೋಗುವಂಥವಲ್ಲ.

ಇಷ್ಟೆಲ್ಲ ಸೀಸೆಯಲ್ಲಿ ಹೆಸರಿದ್ದ ಮದ್ದೇ ಇದೆ ಎಂದುಕೊಂಡು ಹೇಳಿದ್ದು. ಟೆಸ್ಟೋಸ್ಟಿರೋನ್ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ. ಚೀಟಿ ಇಲ್ಲದೆ ಕೈಯಿಂದ ಕೈಗೆ ಬರುವ ಸೀಸೆಯಲ್ಲಿ ಏನಿದೆ ಎಂದು ಮಾರಿದವನಿಗೂ ಗೊತ್ತಿರುವುದಿಲ್ಲ. ನಮ್ಮ ಹುಡುಗನೂ ತಾನು ಚುಚ್ಚಿಸಿಕೊಂಡದ್ದನ್ನು ಕೇಳಿದರೆ “ಹಳದಿ ಎಣ್ಣೆ” ಎಂದಷ್ಟೇ ಹೇಳಬಲ್ಲ.

ಅವನಿಗೆ ಆ ಸಂಜೆ ಇದನ್ನೆಲ್ಲ ಹೇಳಲಿಲ್ಲ. ಎರಡು ಮಾತು ಹೇಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಹತ್ತು ಗಂಟೆಯೊಳಗೆ ರಕ್ತ ಕೊಟ್ಟು ಟೆಸ್ಟೋಸ್ಟಿರೋನ್, ಎಲ್‌ಎಚ್, ಎಫ್‌ಎಸ್‌ಎಚ್ ಪರೀಕ್ಷೆ ಮಾಡಿಸು, ಜೊತೆಗೆ ಲಿವರ್, ಕೊಲೆಸ್ಟ್ರಾಲ್. ಆ ಚೀಟಿ ಹಿಡಿದು ಹಾರ್ಮೋನಿನ ಡಾಕ್ಟರ ಹತ್ತಿರ ಹೋಗು, ತೆಗೆದುಕೊಂಡದ್ದನ್ನು ಮುಚ್ಚಿಡಬೇಡ. ಇದು ಒಂದು. ಇನ್ನೊಂದು, 68ರಿಂದ 72 ಆಗಿದ್ದೀಯಲ್ಲ, ಅದರಲ್ಲಿ ನಿನ್ನ ಕಸರತ್ತಿನ ಪಾಲೂ ಇದೆ, ಅದನ್ನು ನೋಡಿಕೋ.

“ದೀಪಾವಳಿ ಕಳೀತಿದ್ದಂಗೆ ಕೊಯ್ಲು ಶುರು, ಎರಡು ತಿಂಗಳು ಊರಲ್ಲೇ ಇರ್ಬೇಕು. ಅದೂ ಹೋಗುತ್ತಲ್ಲ ಅಣ್ಣಾ?” ಅಂದ.

ಹೋಗಬಹುದು, ಸ್ವಲ್ಪ. ಫಿನ್ಲೆಂಡಿನ ಯುವಾಸ್ಕ್ಯುಲಾದಲ್ಲಿ ಸರಿಯಾಗಿ ಇದನ್ನೇ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ್ದಾರೆ. ಒಂದು ಗುಂಪು ಇಪ್ಪತ್ತು ವಾರ ಬಿಡದೆ ಭಾರ ಎತ್ತಿತು. ಇನ್ನೊಂದು ಗುಂಪು ಹತ್ತು ವಾರ ಎತ್ತಿ, ಹತ್ತು ವಾರ ಪೂರ್ತಿ ಬಿಟ್ಟು, ಮತ್ತೆ ಹತ್ತು ವಾರ ಎತ್ತಿತು. ಬಿಟ್ಟಾಗ ಸ್ನಾಯು ಇಳಿದದ್ದು ಹೌದು. ಮರಳಿ ಶುರು ಮಾಡಿದ ಐದು ವಾರಕ್ಕೆ ಮೊದಲಿನ ಮಟ್ಟ ಬಂದಿತ್ತು, ಕೊನೆಯಲ್ಲಿ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದರು. ಅವರಲ್ಲಿ ಯಾರ ಮೋಟಾರೂ ಬಂದ್ ಆಗಿರಲಿಲ್ಲ.

ಕೊಯ್ಲಿನಲ್ಲಿ ಹಸಿ ಅಡಿಕೆಯ ಚೀಲ ಹೊರುವುದಂತೂ ಇದ್ದೇ ಇದೆ, ಪೂರ್ತಿ ಬಿಟ್ಟ ಹಾಗೂ ಆಗುವುದಿಲ್ಲ ಅಂದೆ. ಅವನು ನಕ್ಕು ಬೂಟು ಹಾಕಿಕೊಂಡು ಮತ್ತೊಮ್ಮೆ ಯಂತ್ರ ಹತ್ತಿದ. ಎಪ್ಪತ್ತಮೂರು.